ಬೀಗ ಭದ್ರ, ಕೀಲಿಗಳ ಲೆಕ್ಕ ಇಟ್ಟವರಾರು?

ಮೈಸೂರು: ತಂತ್ರಾಂಶ ಉದ್ಯಮದಲ್ಲಿ ಬೆಂಗಳೂರಿನ ನಂತರದ ಸ್ಥಾನಕ್ಕೆ ಹಂಬಲಿಸುತ್ತಿರುವ ಈ ನಗರದಲ್ಲಿ ಜಮೀನು, ನೀರು, ವಿಮಾನ ಸಂಪರ್ಕಗಳ ಕುರಿತು ಸಾಕಷ್ಟು ಚರ್ಚೆ ನಡೆದಿದೆ. ‘ಬಿಯಾಂಡ್ ಬೆಂಗಳೂರು’ ಹೆಸರಿನಲ್ಲಿ ರಾಜ್ಯ ಸರ್ಕಾರವೂ ಮೈಸೂರನ್ನು ಉದ್ಯಮಿಗಳ ಮುಂದಿಡುತ್ತಿದೆ. ಆದರೆ ಗ್ರಾಹಕ ಸಂಸ್ಥೆಯೊಂದು ಇಲ್ಲಿನ ಕಂಪನಿಗೆ ಕೆಲಸ ಒಪ್ಪಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ನಮ್ಮ ತಂತ್ರಾಂಶವನ್ನು ಯಾರು ಮುಟ್ಟಬಲ್ಲರು? ಕೆಲಸ ಬಿಟ್ಟು ಹೋದವರು ಇಂದಿಗೂ ಮುಟ್ಟಬಲ್ಲರೇ? ಕಂಟೇನರ್ ಇಮೇಜ್‌ಗಳ ಉಗ್ರಾಣವನ್ನು ಗುರುತು ನಿರ್ವಹಣಾ ವ್ಯವಸ್ಥೆಯೊಂದಿಗೆ ಜೋಡಿಸುವ ವಿಷಯ ಮುಖ್ಯವಾಗುವುದು ಇಲ್ಲಿಯೇ.

ಏನಿದು ಉಗ್ರಾಣ?

ಹಿಂದೆ ತಂತ್ರಾಂಶವನ್ನು ಒಂದೊಂದು ಸರ್ವರ್‌ಗೂ ಪ್ರತ್ಯೇಕವಾಗಿ ಅಳವಡಿಸಲಾಗುತ್ತಿತ್ತು. 2013ರಲ್ಲಿ ಡಾಕರ್ ಬಂದ ಮೇಲೆ ಈ ಪದ್ಧತಿ ಬದಲಾಯಿತು. ತಂತ್ರಾಂಶವನ್ನೂ ಅದು ಓಡಲು ಬೇಕಾದ ಸಕಲ ಸಾಮಗ್ರಿಯನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿಡುವ ಕ್ರಮ ಜನಪ್ರಿಯವಾಯಿತು. ಆ ಪೊಟ್ಟಣವೇ ಇಮೇಜ್. ಪೊಟ್ಟಣಗಳನ್ನು ಶೇಖರಿಸಿಡುವ ಉಗ್ರಾಣವೇ ರಿಜಿಸ್ಟ್ರಿ. ಡಾಕರ್ ಹಬ್, ಅಮೆಜಾನ್‌ನ ಇಸಿಆರ್ ಇದಕ್ಕೆ ಉದಾಹರಣೆಗಳು. ವಿಎಂವೇರ್ ಸಂಸ್ಥೆ 2016ರಲ್ಲಿ ಮುಕ್ತ ತಂತ್ರಾಂಶವಾಗಿ ನೀಡಿದ ಹಾರ್ಬರ್ ಅನ್ನು ಸ್ವಂತ ಸರ್ವರ್‌ನಲ್ಲಿಯೇ ನಡೆಸಬಹುದು.

ಉಗ್ರಾಣದಲ್ಲಿ ಇಟ್ಟದ್ದೇ ಬ್ಯಾಂಕಿನ ಸರ್ವರ್‌ಗೂ ಆಸ್ಪತ್ರೆಯ ಕಂಪ್ಯೂಟರ್‌ಗೂ ಹೋಗಿ ಓಡುತ್ತದೆ. ಆದ್ದರಿಂದ ಒಂದು ಪೊಟ್ಟಣವನ್ನು ಸದ್ದಿಲ್ಲದೆ ಬದಲಿಸಬಲ್ಲವನು ಆ ಎಲ್ಲ ಕಡೆಗಳಿಗೂ ಏಕಕಾಲದಲ್ಲಿ ಕೈಚಾಚಬಲ್ಲ. ಇದು ಊಹೆಯ ಮಾತಲ್ಲ. 2019ರ ಏಪ್ರಿಲ್‌ನಲ್ಲಿ ಡಾಕರ್ ಹಬ್‌ನ ಒಂದು ದತ್ತಕೋಶಕ್ಕೆ ಅನಧಿಕೃತ ಪ್ರವೇಶವಾಗಿ, ಸುಮಾರು 1.9 ಲಕ್ಷ ಖಾತೆಗಳ ಮಾಹಿತಿ ಬಯಲಾಗಿರಬಹುದೆಂದು ಆ ಕಂಪನಿಯೇ ಪ್ರಕಟಿಸಿತು. 2021ರಲ್ಲಿ ಅಮೆರಿಕದ ಕೋಡ್‌ಕೋವ್ ಸಂಸ್ಥೆ ಡಾಕರ್ ಇಮೇಜ್ ತಯಾರಿಸುವ ಕ್ರಮದಲ್ಲಿದ್ದ ಲೋಪದಿಂದಾಗಿ ತನ್ನ ಕೀಲಿಯೊಂದನ್ನು ಕಳೆದುಕೊಂಡಿತು. ಅದನ್ನು ಪಡೆದವರು ಜನವರಿ ಅಂತ್ಯದಿಂದ ಏಪ್ರಿಲ್ ಆರಂಭದವರೆಗೆ ಆ ಸಂಸ್ಥೆಯ ಸಾಧನವನ್ನೇ ತಿದ್ದಿ, ಅದರ ಗ್ರಾಹಕರ ರಹಸ್ಯ ಮಾಹಿತಿಗೆ ಕೈಹಾಕಿದ್ದರು.

ಒಳಬರುವುದು ಬೇರೆ, ಅಧಿಕಾರ ಬೇರೆ

ಉದ್ಯೋಗಿಗಳೆಲ್ಲರಿಗೂ ಒಂದೇ ಲಾಗಿನ್ ಕೊಟ್ಟುಬಿಟ್ಟರೆ ಕೆಲಸ ಮುಗಿಯಿತೆಂಬ ಭಾವನೆ ವ್ಯಾಪಕವಾಗಿದೆ. ಅದು ಅರ್ಧ ಸತ್ಯ ಮಾತ್ರ. ಬಂದವನು ಯಾರೆಂದು ಖಚಿತಪಡಿಸುವುದಷ್ಟೇ ಲಾಗಿನ್‌ನ ಕೆಲಸ. ಅವನಿಗೆ ಈ ಅಧಿಕಾರ ಏಕೆ ದೊರೆಯಿತು, ಯಾರು ಮಂಜೂರು ಮಾಡಿದರು, ಇಂದಿಗೂ ಅದು ಅಗತ್ಯವೇ ಎಂಬ ಪ್ರಶ್ನೆಗಳನ್ನು ಕೇಳುವುದು ಗುರುತು ನಿರ್ವಹಣಾ ವ್ಯವಸ್ಥೆ. ಸೇಲ್‌ಪಾಯಿಂಟ್, ಸಾವಿಯಂಟ್, ಮೈಕ್ರೋಸಾಫ್ಟ್ ಮುಂತಾದ ಸಂಸ್ಥೆಗಳು ಇಂಥ ವ್ಯವಸ್ಥೆಗಳನ್ನು ಮಾರುತ್ತವೆ.

ಜೋಡಣೆಯ ಕ್ರಮ ಹೀಗಿದೆ. ಉಗ್ರಾಣದಲ್ಲಿರುವ ಖಾತೆಗಳು, ಯೋಜನೆಗಳು ಹಾಗೂ ಅಧಿಕಾರಗಳ ಪಟ್ಟಿಯನ್ನು ನಿರ್ವಹಣಾ ವ್ಯವಸ್ಥೆ ನಿಯತವಾಗಿ ಓದಿಕೊಳ್ಳುತ್ತದೆ. ಅದನ್ನು ಸಿಬ್ಬಂದಿ ವಿಭಾಗದ ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ನೌಕರ ಸೇರಿದಾಗ ಅಧಿಕಾರ ಕೊಡುವುದು, ವಿಭಾಗ ಬದಲಾದಾಗ ಹಳೆಯದನ್ನು ಕಳೆಯುವುದು, ನಿರ್ಗಮಿಸಿದಾಗ ಎಲ್ಲವನ್ನೂ ಹಿಂಪಡೆಯುವುದು ಮುಂದಿನ ಹಂತ. ಪೊಟ್ಟಣವನ್ನು ಉಗ್ರಾಣಕ್ಕೆ ಸೇರಿಸುವವನೂ ಅದರ ಬಳಕೆಗೆ ಅನುಮತಿ ಕೊಡುವವನೂ ಒಬ್ಬನೇ ಆಗಿದ್ದರೆ ಅದನ್ನು ಎತ್ತಿ ತೋರಿಸುವುದೂ ಇದರ ಹೊಣೆಯೇ.

ದಸರೆಯ ಪಾಸ್ ಮತ್ತು ರೋಬೋಟ್ ಖಾತೆ

ಮೈಸೂರಿಗರಿಗೆ ದಸರಾ ಪಾಸ್‌ಗಳ ಗೊಂದಲ ಹೊಸದೇನಲ್ಲ. ಆದರೂ ಜಂಬೂಸವಾರಿ ಮುಗಿದ ಮರುದಿನ ಗೋಲ್ಡ್ ಕಾರ್ಡ್ ತಾನಾಗಿಯೇ ಬರಿಯ ಕಾಗದವಾಗುತ್ತದೆ. ಉಗ್ರಾಣದ ಕೀಲಿಗಳಿಗೆ ಈ ಭಾಗ್ಯವಿಲ್ಲ. ಅವಧಿ ನಿಗದಿಪಡಿಸದಿದ್ದರೆ ಅವು ವರ್ಷಾನುಗಟ್ಟಲೆ ಜೀವಂತವಾಗಿರುತ್ತವೆ.

ಅಪಾಯ ಹೆಚ್ಚಾಗಿರುವುದು ಮನುಷ್ಯರ ಖಾತೆಗಳಲ್ಲಲ್ಲ, ಯಂತ್ರಗಳ ಖಾತೆಗಳಲ್ಲಿ. ತಂತ್ರಾಂಶವನ್ನು ಕಟ್ಟಿ ಉಗ್ರಾಣಕ್ಕೆ ಸೇರಿಸುವ ಕೆಲಸ ಇಂದು ಬಹುತೇಕ ಸ್ವಯಂಚಾಲಿತ. ಅದಕ್ಕಾಗಿ ಹಾರ್ಬರ್‌ನಲ್ಲಿ ‘ರೋಬೋಟ್ ಖಾತೆ’ಗಳಿವೆ. ಅವುಗಳಿಗೆ ಅವಧಿ ಗೊತ್ತುಪಡಿಸಬಹುದು. ಎಂದಿಗೂ ಮುಗಿಯದಂತೆಯೂ ಇಡಬಹುದು. ಆ ಖಾತೆ ತೆರೆದ ನೌಕರ ರಾಜೀನಾಮೆ ಕೊಟ್ಟು ಹೋದರೂ ಖಾತೆ ಹೋಗುವುದಿಲ್ಲ. ಸಿಬ್ಬಂದಿ ವಿಭಾಗದ ಪಟ್ಟಿಯಲ್ಲಿ ರೋಬೋಟ್‌ನ ಹೆಸರು ಇರುವುದೂ ಇಲ್ಲ. ಹೀಗಾಗಿ ಜೋಡಣೆ ಆಗಿದೆಯೆಂದು ಕಾಗದದಲ್ಲಿ ಬರೆದಿದ್ದರೂ ಅತ್ಯಂತ ಪ್ರಬಲ ಕೀಲಿಗಳು ಲೆಕ್ಕದ ಹೊರಗೇ ಉಳಿಯುವ ಸಂಭವವಿದೆ. ಏಕ ಲಾಗಿನ್ ಅಳವಡಿಸಿದ ಮೇಲೂ ಹಾರ್ಬರ್‌ನ ಮೂಲ ‘ಅಡ್ಮಿನ್’ ಖಾತೆ ಸ್ಥಳೀಯವಾಗಿ ಉಳಿದುಕೊಳ್ಳುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಅಮೆಜಾನ್ ಇಸಿಆರ್‌ನ ಲಾಗಿನ್ ಟೋಕನ್ 12 ಗಂಟೆಗಳಲ್ಲಿ ಮುಗಿಯುತ್ತದೆ. ಕೀಲಿಗೆ ಆಯುಷ್ಯ ಕಡಿಮೆಯಾದಷ್ಟೂ ಅದು ಕಳೆದುಹೋದಾಗಿನ ನಷ್ಟವೂ ಕಡಿಮೆ ಎಂಬ ತತ್ವ ಇಲ್ಲಿದೆ.

ಹೆಬ್ಬಾಳದ ಇನ್ಫೋಸಿಸ್ ತರಬೇತಿ ಕೇಂದ್ರದಿಂದಾಗಿ ಮೈಸೂರು ದೇಶದ ಮೂಲೆಮೂಲೆಯಿಂದ ಯುವ ಎಂಜಿನಿಯರುಗಳು ಬಂದು ಹೋಗುವ ಊರು. ಇಲ್ಲಿ ಕಲಿತವರು ಬೆಂಗಳೂರು, ಪುಣೆ, ಹೈದರಾಬಾದ್‌ಗಳಿಗೆ ಹೊರಡುತ್ತಾರೆ. ನಗರದ ಸಣ್ಣ ಕಂಪನಿಗಳೂ ಬೆಂಗಳೂರಿನ ಸಂಬಳದ ಎದುರು ನೌಕರರನ್ನು ಉಳಿಸಿಕೊಳ್ಳಲು ಹೆಣಗಬೇಕಾಗಿದೆ. ಜನ ಬದಲಾಗುತ್ತಲೇ ಇರುವ ಇಂಥ ಕಡೆ, ಹೋದವರ ಕೀಲಿ ಹಿಂಪಡೆಯುವ ಕೆಲಸವನ್ನು ಯಾರದೋ ನೆನಪಿಗೆ ಬಿಡುವುದು ಜಾಣತನವಲ್ಲ.

ಕಾನೂನಿನ ಒತ್ತಡ

ಈಗ ಕಾನೂನೂ ಈ ಲೆಕ್ಕ ಕೇಳುತ್ತಿದೆ. ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಅವಘಡಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕು; ವ್ಯವಸ್ಥೆಯ ದಾಖಲೆಗಳನ್ನು 180 ದಿನ ಕಾಯ್ದಿಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ, ಸೂಕ್ತ ಭದ್ರತಾ ಕ್ರಮ ಕೈಗೊಳ್ಳದಿದ್ದರೆ 250 ಕೋಟಿ ರೂ.ವರೆಗೆ ದಂಡ ವಿಧಿಸಬಹುದು. 2025ರ ನವೆಂಬರ್‌ನಲ್ಲಿ ಪ್ರಕಟವಾದ ಇದರ ನಿಯಮಗಳು ಪ್ರವೇಶ ನಿಯಂತ್ರಣವನ್ನೂ ಒಂದು ವರ್ಷದ ದಾಖಲೆಯನ್ನೂ ಸ್ಪಷ್ಟವಾಗಿ ಹೆಸರಿಸಿವೆ. ಈ ಅಂಶಗಳ ಜಾರಿಗೆ 18 ತಿಂಗಳ ಅವಧಿ ಗೊತ್ತುಪಡಿಸಲಾಗಿದೆ. ಐದು ಜನ ಒಂದೇ ಖಾತೆ ಹಂಚಿಕೊಂಡಿದ್ದರೆ, ಯಾರು ಏನು ಮಾಡಿದರೆಂದು 6 ಗಂಟೆಗಳಲ್ಲಿ ಹೇಳುವುದಾದರೂ ಹೇಗೆ?

ಕರ್ನಾಟಕಕ್ಕೆ ಈ ಪಾಠ ಅಪರಿಚಿತವಲ್ಲ. ಎರಡು ದಶಕಗಳ ಹಿಂದೆಯೇ ‘ಭೂಮಿ’ ಯೋಜನೆಯಲ್ಲಿ ಸಿಬ್ಬಂದಿ ಬೆರಳಚ್ಚು ಒತ್ತಿಯೇ ಕಂಪ್ಯೂಟರ್ ಪ್ರವೇಶಿಸಬೇಕಿತ್ತು. ಪಹಣಿಯಲ್ಲಿನ ಪ್ರತಿ ಬದಲಾವಣೆಗೂ ಒಬ್ಬ ವ್ಯಕ್ತಿ ಉತ್ತರದಾಯಿಯಾಗಿರಬೇಕೆಂಬುದು ಅದರ ಉದ್ದೇಶವಾಗಿತ್ತು. ಇನ್ನೊಂದೆಡೆ, 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣದಿಂದ ಸುಮಾರು 11.5 ಕೋಟಿ ರೂ. ಅಕ್ರಮವಾಗಿ ವರ್ಗಾವಣೆಯಾದ ಪ್ರಕರಣ ಸಿಐಡಿ ಮೆಟ್ಟಿಲೇರಿತ್ತು. ಇವೆರಡೂ ಕಂಟೇನರ್‌ಗೆ ಸಂಬಂಧಿಸಿದವಲ್ಲ, ನಿಜ. ಆದರೆ ಪ್ರವೇಶದ ಮೇಲಿನ ಹಿಡಿತ ಬಿಗಿಯಾಗಿದ್ದರೆ ಏನಾಗುತ್ತದೆ, ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿಗಳಾಗಿವೆ.

ಮಿತಿಗಳೂ ಇವೆ

ಹಾಗೆಂದು ದುಬಾರಿ ವ್ಯವಸ್ಥೆಯೊಂದನ್ನು ಕೊಂಡ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಎಲ್ಲ ಕೀಲಿಗಳನ್ನೂ ಒಂದೆಡೆ ನಿಯಂತ್ರಿಸುವ ವ್ಯವಸ್ಥೆಯೇ ದೊಡ್ಡ ಗುರಿಯಾಗುತ್ತದೆ. ಲಾಗಿನ್ ಸೇವೆ ನೀಡುವ ಆಕ್ಟಾ ಸಂಸ್ಥೆಯ ಗ್ರಾಹಕ ಸಹಾಯ ವ್ಯವಸ್ಥೆಗೇ 2023ರಲ್ಲಿ ಕನ್ನ ಬಿದ್ದದ್ದು ಇದಕ್ಕೆ ನಿದರ್ಶನ. ಇನ್ನು ಮೂರು ತಿಂಗಳಿಗೊಮ್ಮೆ ಬರುವ ಪರಿಶೀಲನಾ ಪಟ್ಟಿಗೆ ವ್ಯವಸ್ಥಾಪಕರು ಓದದೆ ಒಪ್ಪಿಗೆ ಒತ್ತಿದರೆ, ಅಲ್ಲಿ ಉಳಿಯುವುದು ಪರಿಶೀಲನೆಯ ಹೆಸರಷ್ಟೇ. ಇಪ್ಪತ್ತು ಮೂವತ್ತು ಜನರ ಕಂಪನಿಗೆ ಇಂಥ ವೆಚ್ಚ ಭಾರವೂ ಹೌದು.

ಆದರೆ ಮೊದಲ ಹೆಜ್ಜೆಗಳಿಗೆ ಹಣ ಬೇಕಿಲ್ಲ. ರೋಬೋಟ್ ಖಾತೆಗಳನ್ನೆಲ್ಲ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಒಬ್ಬ ಹೊಣೆಗಾರ ನೌಕರನನ್ನು ಹೆಸರಿಸಬಹುದು. ಅವಧಿಯಿಲ್ಲದ ಕೀಲಿಗಳಿಗೆ ಅವಧಿ ಹಾಕಬಹುದು. ಪೊಟ್ಟಣ ಪಡೆಯಲು ಮಾತ್ರ ಬೇಕಾದವರಿಂದ ಸೇರಿಸುವ ಅಧಿಕಾರ ಕಳೆಯಬಹುದು. ನೌಕರ ಹೊರಡುವ ದಿನದ ಕಾಗದಪತ್ರದಲ್ಲಿ ಗುರುತಿನ ಚೀಟಿ, ಲ್ಯಾಪ್‌ಟಾಪ್‌ಗಳ ಜೊತೆಗೆ ಉಗ್ರಾಣದ ಕೀಲಿಗಳಿಗೂ ಒಂದು ಸಾಲು ಮೀಸಲಿಡಬಹುದು.

ಈ ಶಿಸ್ತು ರೂಢಿಯಾದ ಮೇಲೆ ವ್ಯವಸ್ಥೆಯ ಜೋಡಣೆ ಸುಲಭ. ಶಿಸ್ತಿಲ್ಲದೆ ಜೋಡಿಸಿದರೆ ಅವ್ಯವಸ್ಥೆಯೇ ಗಣಕೀಕರಣಗೊಂಡಂತೆ. ಎರಡನೇ ತಂತ್ರಾಂಶ ನಗರಿಯೆಂಬ ಬಿರುದನ್ನು ಮೈಸೂರು ಬಯಸುವುದಾದರೆ, ತನ್ನಲ್ಲಿರುವ ಕೀಲಿಗಳು ಎಷ್ಟು, ಅವು ಯಾರ ಕೈಯಲ್ಲಿವೆ ಎಂಬ ಸರಳ ಲೆಕ್ಕವನ್ನು ಇಲ್ಲಿನ ಪ್ರತಿ ಕಂಪನಿಯೂ ಗ್ರಾಹಕ ಕೇಳುವ ಮೊದಲೇ ಸಿದ್ಧವಾಗಿಟ್ಟುಕೊಳ್ಳುವುದು ಒಳಿತು.