ಮಾತು ಆಫೀಸಿಗೆ ಮುಟ್ಟಿದ ಮೇಲೆ...

ನಾವು ಓದುವಾಗ ಶಾಲೆಯಲ್ಲಿ ಪೆಟ್ಟು ಅಂದ್ರೆ ಮೇಷ್ಟ್ರ ಕೈಯಿಂದ ನಮ್ಮ ಅಂಗೈಗೆ ಬೀಳೋದು, ಅಷ್ಟೇ. ಮೇಷ್ಟ್ರಿಗೇ ಹುಡುಗರು ಹೊಡೀತಾರೆ ಅಂದಿದ್ರೆ ಯಾರೂ ನಂಬ್ತಿರಲಿಲ್ಲ. ಇಲ್ಲಿ ಅಮೆರಿಕದಲ್ಲಿ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ 2022ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿತು. ವಿದ್ಯಾರ್ಥಿಗಳಿಂದ ಹಲ್ಲೆ ಆಗಿದೆ ಅಂದ ಟೀಚರುಗಳು ನೂರಕ್ಕೆ 14 ಜನ. ಅದೂ ಎಷ್ಟೋ ಶಾಲೆಗಳು ಕೋವಿಡ್‌ನಿಂದ ಬಾಗಿಲು ಹಾಕಿದ್ದ 2020-21ರ ಲೆಕ್ಕ!

ಇವತ್ತು ನಾನು ಬರೀತಿರೋದು ಹುಡುಗರ ಬಗ್ಗೆ ಅಲ್ಲ, ಶಾಲೆಯ ಆಫೀಸಿನಲ್ಲಿ ಕೂತವರ ಬಗ್ಗೆ.

2023ರ ಜನವರಿ 6ರಂದು ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನ ರಿಚ್‌ನೆಕ್ ಎಲಿಮೆಂಟರಿ ಶಾಲೆಯಲ್ಲಿ ಆರು ವರ್ಷದ ಹುಡುಗನೊಬ್ಬ ಅಮ್ಮನ ಪಿಸ್ತೂಲು ತಂದು ಒಂದನೇ ಕ್ಲಾಸಿನ ತನ್ನ ಟೀಚರಿಗೇ ಗುಂಡು ಹಾರಿಸಿದ. ಗುಂಡು ಕೈ ತೂರಿ ಎದೆಗೆ ಹೊಕ್ಕಿತು. ಆಕೆ ಬದುಕಿದ್ದೇ ಹೆಚ್ಚು.

ಎರಡು ದಿನ ಮುಂಚೆ ಅದೇ ಹುಡುಗ ಆಕೆಯ ಫೋನನ್ನ ನೆಲಕ್ಕೆ ಬಡಿದು ಸಸ್ಪೆಂಡ್ ಆಗಿದ್ದ. ಮುಂದಿನದು ಕೋರ್ಟಿನಲ್ಲಿ ಸಾಕ್ಷಿ ನುಡಿದವರ ಮಾತು. ಅವನು ವಾಪಸ್ ಬಂದ ದಿನ 'ಯಾಕೋ ತುಂಬಾ ಸಿಟ್ಟಲ್ಲಿದಾನೆ' ಅಂತ ಟೀಚರ್ ಅಸಿಸ್ಟೆಂಟ್ ಪ್ರಿನ್ಸಿಪಾಲರ ಕಿವಿಗೆ ಹಾಕಿದರು. ಗನ್ ತಂದಿದಾನಂತೆ ಅನ್ನೋ ಸುದ್ದಿಯೂ ಮುಟ್ಟಿತು. ಬ್ಯಾಗಲ್ಲಿ ಸಿಗಲಿಲ್ಲ, ಜೇಬಲ್ಲಿರಬಹುದು ಅಂದರು ಇನ್ನೊಬ್ಬರು. ಮೈ ತಡಕಿ ನೋಡಲಾ ಅಂತ ಕೇಳಿದರು ಕೌನ್ಸಿಲರ್. ಅವನ ಅಮ್ಮ ಇನ್ನೇನು ಬರ್ತಾರೆ, ಇರಲಿ ಅನ್ನೋ ಉತ್ತರ ಬಂತಂತೆ. ಗುಂಡು ಹಾರಿದ್ದು ಮಧ್ಯಾಹ್ನ ಸುಮಾರು ಎರಡು ಗಂಟೆಗೆ.

2025ರ ನವೆಂಬರಿನಲ್ಲಿ ಜ್ಯೂರಿ, ಇದು ಅಸಿಸ್ಟೆಂಟ್ ಪ್ರಿನ್ಸಿಪಾಲರ ಘೋರ ನಿರ್ಲಕ್ಷ್ಯ, ಟೀಚರಿಗೆ ಒಂದು ಕೋಟಿ ಡಾಲರ್ ಪರಿಹಾರ ಸಿಗಬೇಕು ಅಂತು.

ವಿಪರ್ಯಾಸ ನೋಡಿ. 2007ರಲ್ಲಿ ವರ್ಜೀನಿಯಾ ಟೆಕ್‌ನಲ್ಲಿ 32 ಜನರ ಹತ್ಯೆ ಆದ ಮೇಲೆ ಎಚ್ಚೆತ್ತ ಈ ರಾಜ್ಯ, 2013ರಲ್ಲೇ ಸರ್ಕಾರಿ ಶಾಲೆಗಳಿಗೆಲ್ಲ 'ಥ್ರೆಟ್ ಅಸೆಸ್‌ಮೆಂಟ್' ತಂಡ ಕಡ್ಡಾಯ ಮಾಡಿತ್ತು. ಬೆದರಿಕೆ ಅಂತ ಸುಳಿವು ಸಿಕ್ಕ ಕೂಡಲೇ ಆಡಳಿತದವರು, ಟೀಚರು, ಕೌನ್ಸಿಲರು, ಪೊಲೀಸು ಸೇರಿ, ಇದು ಬರೀ ಸಿಟ್ಟೋ ನಿಜವಾದ ಅಪಾಯವೋ ಅಂತ ತೂಗಿ ನೋಡಬೇಕು. ಅದಕ್ಕೆ ಯೂನಿವರ್ಸಿಟಿ ಆಫ್ ವರ್ಜೀನಿಯಾದ ಡ್ಯೂಯಿ ಕಾರ್ನೆಲ್ ರೂಪಿಸಿದ ಮಾರ್ಗಸೂಚಿಯೂ ಇತ್ತು. ಕಾಗದದ ಮೇಲೆ ಏನೂ ಕಮ್ಮಿ ಇರಲಿಲ್ಲ.

ಕಮ್ಮಿ ಇದ್ದದ್ದು ಅಭ್ಯಾಸ. ಬೆಂಕಿ ಬಿದ್ದರೆ ಏನು ಮಾಡಬೇಕು ಅಂತ ಇಲ್ಲಿ ಮಕ್ಕಳಿಗೆ ಮತ್ತೆ ಮತ್ತೆ ಡ್ರಿಲ್ ಮಾಡಿಸ್ತಾರೆ. ಹಾಗೇ ಟೀಚರೊಬ್ಬರು ಬಂದು 'ಭಯ ಆಗ್ತಿದೆ' ಅಂದಾಗ ಮುಂದಿನ ಐದು ನಿಮಿಷದಲ್ಲಿ ಏನು ಮಾಡಬೇಕು ಅಂತ ಪ್ರಿನ್ಸಿಪಾಲರಿಗೂ ಡ್ರಿಲ್ ಆಗಬೇಕು. ಮಗುವನ್ನ ಕ್ಲಾಸಿಂದ ಆಚೆ ಕರೆದು ಕೂರಿಸೋರು ಯಾರು? ಪೊಲೀಸರಿಗೆ ಫೋನ್ ಮಾಡೋರು ಯಾರು? ಹಲ್ಲೆ ಆಗಿಹೋದರೆ ಬರೆದಿಡಬೇಕು. 'ಕ್ಲಾಸ್ ನಿಭಾಯಿಸೋಕೆ ಬರಲ್ವಾ' ಅಂತ ಟೀಚರನ್ನೇ ಕೇಳಬಾರದು. ಆ ಮಗು ಮತ್ತೆ ಕ್ಲಾಸಿಗೆ ಬರೋ ಮುಂಚೆ ಟೀಚರ ಜೊತೆ ಕೂತು ಮಾತಾಡಬೇಕು. ಪ್ರಿನ್ಸಿಪಾಲರಿಗೂ ನೂರೆಂಟು ತಾಪತ್ರಯ, ಅಪ್ಪ-ಅಮ್ಮಂದಿರ ಭಯ, ಒಪ್ತೀನಿ. ಅದಕ್ಕೇ ಇದನ್ನ ಒಬ್ಬರ ಧೈರ್ಯಕ್ಕೆ ಬಿಡಬಾರದು ಅನ್ನೋದು.

ಟೀಚರುಗಳಿಗೇ ಗನ್ ಕೊಡೋಣ ಅನ್ನೋರು ಈ ದೇಶದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದಕ್ಕಿಂತ ಮೊದಲು, ಟೀಚರ್ ಬಾಗಿಲಿಗೆ ಬಂದಾಗ ಕುರ್ಚಿ ಬಿಟ್ಟು ಏಳೋದನ್ನ ಆಫೀಸಿನವರಿಗೆ ಕಲಿಸಬಾರದೇ? ಏನಂತೀರಿ?