ಮುಡಿಪಿನ ಗಂಟು

ಉಡುಪಿ ಜಿಲ್ಲೆಯ ಬಡಗಣ ತುದಿಯಲ್ಲಿ, ಭಟ್ಕಳದ ಗಡಿಗೆ ತಾಗಿಕೊಂಡಿರುವ ಶಿರೂರಿನ ಕಡೆಯ ಹಳೆಯ ಮನೆಗಳಲ್ಲಿ ಒಬ್ಬ ದೊಡ್ಡಮ್ಮ ಇದ್ದೇ ಇರುತ್ತಾರೆ. ಮಕ್ಕಳು ಮುಂಬಯಿಯಲ್ಲೋ ಕೊಲ್ಲಿಯ ದೇಶಗಳಲ್ಲೋ ದುಡಿಯುತ್ತಾರೆ. ಅವರು ಕಳುಹಿಸಿದುದರಲ್ಲಿ ಮನೆವಾರ್ತೆ ಕಳೆದು ಮಿಕ್ಕಿದ್ದು ದೊಡ್ಡಮ್ಮನ ಕೈಸೇರುತ್ತದೆ. ದೇವರ ಕೋಣೆಯಲ್ಲಿ ಅರಿಸಿನ ಬಟ್ಟೆಯ ಗಂಟುಗಳು: ಕೊಲ್ಲೂರಿಗೊಂದು, ಧರ್ಮಸ್ಥಳಕ್ಕೊಂದು, ತಿರುಪತಿಗೊಂದು. ಪಕ್ಕದಲ್ಲಿ ದೇವರಿಗೆ ಸಂಬಂಧಿಸದ ತಗಡಿನ ಡಬ್ಬಿಯೊಂದು. ಅದು ಊರ ಶಾಲೆಯ ಮಕ್ಕಳ ಪುಸ್ತಕಕ್ಕೆ ಮೀಸಲು.

ಇಂಥ ಮನೆಯ ಅಂಗಳಕ್ಕೆ ಚಂದಾ ಎತ್ತುವವರು ಕಾಲಿಟ್ಟರೆಂದು ಭಾವಿಸೋಣ. ಸಮಿತಿಯಲ್ಲಿ ದೊಡ್ಡಮ್ಮನ ತಂಗಿಯ ಮಗನೂ ಇದ್ದಾನೆ. ವರುಷ ವರುಷವೂ ತಪ್ಪದೆ ನೂರು ರೂಪಾಯಿ ಕೊಡುವ ಆಕೆಯ ಮುಂದೆ ಅವನು ಬಣ್ಣದ ಕರಪತ್ರ ಹಿಡಿಯುತ್ತಾನೆ. ಐದು ಸಾವಿರಕ್ಕೆ 'ಪೋಷಕರು'. ಹತ್ತು ಸಾವಿರಕ್ಕೆ 'ಮಹಾಪೋಷಕರು', ಅದರೊಡನೆ ಶಿಲಾಫಲಕದಲ್ಲಿ ಹೆಸರು. ದೊಡ್ಡಮ್ಮ ಕನ್ನಡಕವೇರಿಸಿ ಪೂರ್ತಿ ಓದುತ್ತಾರೆ; ಓದಿ ಮರಳಿಸುತ್ತಾರೆ.

"ಹೋದ್ ವರ್ಷ ಎಷ್ಟ್ ಮಕ್ಳಿಗ್ ಪುಸ್ತಕ ಕೊಟ್ರಿ ಮಗಾ?"

ಅವನಿಗೆ ತಿಳಿಯದು. ತಬ್ಬಿಬ್ಬಾಗಿ ರಶೀದಿ ಪುಸ್ತಕ ಬಿಡಿಸುತ್ತಾನೆ.

"ರಶೀದಿ ಇಲ್ದಿರೂ ಅಡ್ಡಿಲ್ಲೆ. ಒಂದ್ ಸಲ ಬಂದ್ ಹೇಳಿರೆ ಸಾಕಿತ್ತ್."

ಮುದುಕಿಯ ಕೈ ಬಿಗಿಯೆಂದು ಸಮಿತಿಯವರು ದಣಪೆ ದಾಟುವ ಮೊದಲೇ ತೀರ್ಮಾನಿಸುವುದುಂಟು. ನೂರು ರೂಪಾಯಿಗಾಗಿ ಅಲೆದರೆ ಪೆಟ್ರೋಲಿಗೂ ಗಿಟ್ಟದು, ಮುಂದಿನ ವರುಷ ಇತ್ತ ಬರುವುದೇ ಬೇಡವೆನ್ನುವ ಜಾಣರೂ ಇರುತ್ತಾರೆ. ಜಾಣತನ ನಷ್ಟಕ್ಕೆ ದಾರಿಯಾಗುವುದು ಇಲ್ಲಿಯೇ. ಮುಡಿಪೆಂಬ ಮಾತಿನ ತೂಕ ಅವರಿಗೆ ಹೊಳೆದಿಲ್ಲ. ಮುಡಿಪು ಕಟ್ಟಿದ ಹಣ ಕಟ್ಟಿದವರದ್ದಲ್ಲ. ಮನೆಯಲ್ಲಿ ಎಂಥ ಮುಗ್ಗಟ್ಟು ಬಂದರೂ ಆ ಗಂಟನ್ನು ಬಿಚ್ಚುವಂತಿಲ್ಲ. ಶಾಲೆಯ ಡಬ್ಬಿಗೂ ಆಕೆ ಅದೇ ಕಟ್ಟನ್ನು ವಿಧಿಸಿಕೊಂಡಿದ್ದಾರೆ. ಕೇಳುವವರು ಬರುವ ಮೊದಲೇ ಅಲ್ಲಿ ದಾನ ನಡೆದುಹೋಗಿರುತ್ತದೆ. ಫಲಕದ ಆಸೆ ಅದನ್ನು ಹಿಗ್ಗಿಸಲಾರದು; ಆದರೆ ತನ್ನನ್ನು ಲೆಕ್ಕಕ್ಕೇ ಹಿಡಿಯಲಿಲ್ಲವೆಂಬ ನೋವು ಅದನ್ನು ಬೇರೆಡೆಗೆ ತಿರುಗಿಸಬಲ್ಲದು.

ಸಣ್ಣ ಹಣದ ಈ ನಿಷ್ಠೆಯನ್ನು ಇದೇ ಸೀಮೆಯ ಒಬ್ಬರು ಬಹಳ ಹಿಂದೆಯೇ ಅರಿತಿದ್ದರು. ಡಾಕ್ಟರ್ ಟಿ. ಎಂ. ಎ. ಪೈ ಮೊದಲಾದವರು 1925ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನ ಮನುಷ್ಯ ಬಾಗಿಲಿಗೇ ಬಂದು ಒಯ್ಯುತ್ತಿದ್ದ. ಅದು ಉಳಿತಾಯ, ದಾನವಲ್ಲ, ನಿಜ. ಆದರೂ ಎರಡಾಣೆಯವರ ಮನೆಗೆ ನಾಳೆಯೂ ಹೋಗಬೇಕೆಂಬ ಪಾಠ ಚಂದಾ ಎತ್ತುವವರಿಗೂ ಸಲ್ಲುವಂಥದು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಪಿಗ್ಮಿ ಎಂಬ ಪದ ಮಾತ್ರ ಕರಾವಳಿಯ ಅಂಗಡಿಬೀದಿಗಳಲ್ಲಿ ಉಳಿದುಕೊಂಡಿದೆ.

ಕುಂದಾಪುರ ಸೀಮೆಯ ವೃದ್ಧೆಯೊಬ್ಬರು ದೇವಸ್ಥಾನಗಳೆದುರು ಭಿಕ್ಷೆ ಬೇಡಿ ಬಂದುದರಲ್ಲಿ ಉಳಿದುದನ್ನು ಪಿಗ್ಮಿಗೆ ಕಟ್ಟುತ್ತ ಬಂದರು. 2022ರಲ್ಲಿ ಅವರು ಪೊಳಲಿಯ ರಾಜರಾಜೇಶ್ವರಿ ದೇವಸ್ಥಾನದ ಅನ್ನದಾನಕ್ಕೆ ಒಂದು ಲಕ್ಷ ರೂಪಾಯಿ ಒಪ್ಪಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ನಾಡೇ ಬೆರಗಾಯಿತು. ಜನರಿಂದ ಪಡೆದುದು ಜನರಿಗೇ ಸೇರಲೆಂಬುದು ಅವರ ಭಾವನೆ. ಅದಕ್ಕೆ ಮೊದಲು ಯಾವ ಸಮಿತಿಯ ದಾನಿಗಳ ಪಟ್ಟಿಯಲ್ಲಿ ಅವರಿಗೆ ಸ್ಥಾನವಿದ್ದೀತು? ಕರಪತ್ರ ಹಂಚುವವರು ಅವರನ್ನು ದಾಟಿಕೊಂಡೇ ಗುಡಿಯ ಮೆಟ್ಟಿಲು ಹತ್ತಿರಬಹುದು.

ಶಿರೂರಿನ ದೊಡ್ಡಮ್ಮ ಒಳಗಿನಿಂದ ಡಬ್ಬಿ ತಂದು ನೂರು ರೂಪಾಯಿ ಎಣಿಸಿ ಕೊಡುತ್ತಾರೆ. ತಳದಲ್ಲಿ ಇನ್ನೂ ನೋಟುಗಳಿರುವುದು ಹುಡುಗನ ಕಣ್ಣಿಗೆ ಬೀಳುತ್ತದೆ. ಆಕೆ ಅವಸರವಿಲ್ಲದೆ ಮುಚ್ಚಳ ಹಾಕುತ್ತಾರೆ.

"ಶಾಲೆ ಶುರುವಾದ್ ಮೇಲೆ ಬಾ."

ಅವನು ಕರಪತ್ರವನ್ನು ಮಗುಚಿ ಅದರ ಬೆನ್ನಿಗೆ ಏನನ್ನೋ ಗೀಚಿಕೊಳ್ಳುತ್ತಾನೆ: ಪುಸ್ತಕ ಪಡೆದ ಮಕ್ಕಳೆಷ್ಟು, ಮೇಷ್ಟರನ್ನು ಕೇಳಬೇಕು.