ಕೋವಿಗಿಂತ ಮೊದಲು ಒಂದು ಮೇಜು

ಚುನಾವಣೆ ಘೋಷಣೆಯಾದರೆ ಸಾಕು, ಮೂಡಿಗೆರೆ, ಕಳಸದ ಬೆಳೆಗಾರರು ಕೋವಿ ಹಿಡಿದು ಠೇವಣಿ ಇಡಲು ಹೊರಡುತ್ತಾರೆ. ಪರವಾನಗಿ, ನವೀಕರಣ, ಠೇವಣಿ ರಸೀದಿ, ಎಲ್ಲಕ್ಕೂ ಕಡತವಿದೆ. ಆ ಕೋವಿ ಗುರಿ ಹಿಡಿದ ಕಡೆಗೇ ಹೊಡೆಯುತ್ತದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಕೊಡಗಿನಲ್ಲಿ ಕೈಲ್ ಪೋಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ; ಗುರಿ ತಪ್ಪಿದರೆ ಊರೇ ನೋಡುತ್ತದೆ. ಚಿಕ್ಕಮಗಳೂರಿನ ತೋಟಗಳಲ್ಲಿ ಬೆಳೆ ರಕ್ಷಣೆಯ ಕೋವಿಯಿಂದ ಹಂದಿ, ಮಂಗಗಳನ್ನು ಬೆದರಿಸಲು ಗಾಳಿಗೆ ಈಡು ಹಾರಿಸುವುದೇ ಹೆಚ್ಚು. ಗಾಳಿಗೆ ಹೊಡೆದವನ ಗುರಿ ಪರೀಕ್ಷಿಸುವವರು ಯಾರು?

ಪರೀಕ್ಷೆಗೆ ಬೇಕಾದದ್ದು ಮಡಚಿ ಜೀಪಿಗೆ ಹಾಕಿಕೊಳ್ಳಬಹುದಾದ ಒಂದು ಮೇಜು. ಕೈನಡುಕ, ಉಸಿರಿನ ಏರಿಳಿತವನ್ನು ಅದು ಬಹುಮಟ್ಟಿಗೆ ತಗ್ಗಿಸುತ್ತದೆ. ತಪ್ಪು ಕೋವಿಯದೋ ಕೈಯದೋ ಗೊತ್ತಾಗುತ್ತದೆ. ಹಲಗೆಗೆ ತೋಟದ ಸಿಲ್ವರ್ ಓಕ್ ಸಾಕು. ಕಾಲು ಮೂರೇ ಇರಲಿ: ಇಳಿಜಾರಿನಲ್ಲಿ ನಾಲ್ಕು ಕಾಲಿನ ಮೇಜು ಒಂದು ಕಾಲನ್ನು ಎತ್ತಿಕೊಂಡೇ ನಿಲ್ಲುತ್ತದೆ, ಮೂರು ಕಾಲಿನದು ಕುಂಟುವುದಿಲ್ಲ. ಕೂರುವ ಸ್ಟೂಲು ಬೇರೆಯೇ ಆದರೆ ಮೈ ಅಲುಗಿದ್ದು ಹಲಗೆಗೆ ತಾಗದು. ಮುಂದೆ ಒಂದು ಮರಳಿನ ಚೀಲ, ಹಿಡಿಯ ಕೆಳಗೆ ಇನ್ನೊಂದು ಚಿಕ್ಕದು. ಚೀಲದ ಮೇಲೆ ಕೂರಬೇಕಾದದ್ದು ನಳಿಗೆಯಲ್ಲ, ನಳಿಗೆಯ ಕೆಳಗಿನ ಮರ. ನಳಿಗೆಯನ್ನೇ ಊರಿದರೆ ಗುಂಡು ಬೀಳುವ ಜಾಗ ಬದಲಾಗುತ್ತದೆ. ಸ್ಪ್ರಿಂಗ್ ಏರ್‌ಗನ್ನಿಗಂತೂ ಚೀಲದ ಮೇಲೆ ಅಂಗೈ ಬಿಡಿಸಿಟ್ಟು, ಅದರ ಮೇಲೆ ಹಗುರವಾಗಿ ಕೂರಿಸುವುದೇ ಲೇಸು. ಬಿಗಿಹಿಡಿತವನ್ನು ಅದು ಸಹಿಸದು.

ಮನೆಯ ಅಭ್ಯಾಸ ಏರ್‌ಗನ್ನಿಗೇ ಸೀಮಿತವಾಗಲಿ. 20 ಜೂಲ್ ಮೀರದ, 0.177 ಬೋರಿನದಕ್ಕೆ ಪರವಾನಗಿ ಬೇಡ. ಹತ್ತು ಮೀಟರ್ ಜಾಗ, ಗುರಿಯ ಹಿಂದೆ ಎತ್ತರದ ಮಣ್ಣಿನ ದರೆ ಇರಬೇಕು. ಕಾಫಿ ಗಿಡಗಳ ಸಾಲು ದರೆಯಲ್ಲ. ಅದರಾಚೆ ಹಣ್ಣು ಕುಯ್ಯುವವರು ಇರುತ್ತಾರೆ.

ತೋಟಾ ಕೋವಿಯ ಜಾಗ ತರಬೇತಿ ಮೈದಾನ. ಅಲ್ಲಿ 40 ಗಜ ದೂರದಲ್ಲಿ ದೊಡ್ಡ ಕಾಗದ ಕಟ್ಟಿ, ಮೇಜಿನಿಂದ ಒಂದು ಈಡು ಹೊಡೆದು, 30 ಇಂಚಿನ ವೃತ್ತದೊಳಗೆ ಎಷ್ಟು ಚರೆ ಬಿದ್ದವು ಎಂದು ಎಣಿಸಿದರೆ ಆ ಕೋವಿಯ ಜಾತಕವೇ ಸಿಗುತ್ತದೆ. ಎಡಕ್ಕೆ ಸರಿಯುವ ನಳಿಗೆಯನ್ನು ನಂಬಿ ಕತ್ತಲಲ್ಲಿ ಅಲುಗಿದ ಪೊದೆಗೆ ಹೊಡೆಯಲು ಹೊರಡುವವರು ಈ ಕಾಗದವನ್ನೊಮ್ಮೆ ನೋಡಬೇಕು. (ಅಲುಗಿದ್ದು ಹಂದಿಯೆಂದು ತಿಳಿದು ಮನುಷ್ಯನನ್ನೇ ಹೊಡೆದ ಸುದ್ದಿ ಮಲೆನಾಡಿಗೆ ಹೊಸದಲ್ಲ.)

2016ರ ಶಸ್ತ್ರಾಸ್ತ್ರ ನಿಯಮಗಳು ಸುರಕ್ಷತಾ ತರಬೇತಿಯ ಮಾತಾಡುತ್ತವೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಹಾಗಾದರೆ ಐದು ವರ್ಷಕ್ಕೊಮ್ಮೆ, ನವೀಕರಣದ ಅರ್ಜಿಯ ಜೊತೆಗೆ, ತೂತು ಬಿದ್ದ ಆ ಕಾಗದವನ್ನೂ ಕೇಳಲಿ. ತಾಲ್ಲೂಕಿಗೊಂದು ಮೈದಾನ ಗುರುತಿಸುವುದು ಆಡಳಿತದ ಕೆಲಸ. ಮೇಜನ್ನು ಬೆಳೆಗಾರರೇ ತರುತ್ತಾರೆ.